ಹುಲ್ಲು ತುಂಬಿದ ಕರು

ಸತ್ತ ಕರುವನ್ನು ಹೊತ್ತೊಯ್ಯಲು ಬಂದ ಸಾಯಪ್ಪ ಕೊಟ್ಟಿಗೆಯ ಹೊಸ್ತಿಲಾಚೆಯೇ ನಿಂತುಬಿಟ್ಟ. ತೊಗಲು ಸುಲಿದು ಕೊಡು ಎಂದು ವೈಜಿನಾಥ ಹೇಳಿದ್ದಕ್ಕೆ ಹೆಗಲ ಕಂಬಳಿ ತೆಗೆದು ಕಂಕುಳಲ್ಲಿಟ್ಟುಕೊಂಡು ಕೈಮುಗಿದ.

"ಹಂಗೇ ಹೂತು ಬರ್ತೀನ್ರಿ ಯಪ್ಪಾ. ಈ ಕೊಟ್ಟಿಗ್ಯಾನ ಕರದ ತೊಗಲ ನಮ್ಮಪ್ಪನೂ ಸುಲಿದಿಲ್ಲ, ನಾನೂ ಸುಲಿಯಂಗಿಲ್ಲ. ಇಲ್ಲಿ ಹುಲ್ಲು ತುಂಬಬಾರ್ದು."

"ತುಂಬಿದ್ರ ಏನಾತದೋ? ಹುಲ್ಲು ಎದ್ದು ಕಡೀತದೇನು?" ವೈಜಿನಾಥ ನಕ್ಕ.

ಸಾಯಪ್ಪ ನಗಲಿಲ್ಲ.

"ಕಡ್ಯಂಗಿಲ್ರಿ. ಕುಡೀತದ."

ವೈಜಿನಾಥ ಆ ಊರಿಗೆ ಹೊಸಬ. ತಾಂಡೂರಿನಲ್ಲಿ ರೈಲು ಠೇಸನ್ನಿನ ಹಿಂದೆ ಎಮ್ಮೆ ಕಟ್ಟಿ ಹಾಲು ಮಾರುವವರ ಬಳಿ ದುಡಿದು, ಮನೂರಿನ ಕಡೆಯ ಈ ಹಳ್ಳಿಗೆ ಮನೆ ಅಳಿಯನಾಗಿ ಬಂದವನು. ನಿಜಾಮರ ಸೀಮೆಯ ಆ ಮೂಲೆಯಲ್ಲಿ ತೊಗರಿ, ಜೋಳ ಬೆಳೆಯುವ ತುಂಡು ಹೊಲ, ಒಂದು ಎಮ್ಮೆ, ಇಷ್ಟೇ ಆ ಮನೆಯ ಬದುಕು. ಹೆಂಡತಿ ಬಾಲಮಣಿಗೆ ಬಾಣಂತನದಲ್ಲಿ ಜ್ವರ ಬಂದು ಎದೆ ಬತ್ತಿತ್ತು. ಆಡಿನ ಹಾಲು ಕೂಸಿಗೆ ಒಗ್ಗದೆ ಕಾರಿಕೊಳ್ಳುತ್ತಿತ್ತು. ಆ ಹೊತ್ತಿನಲ್ಲೇ ಎಮ್ಮೆ ಚಂದ್ರಿ ಈದಾಗ ಮನೆಗೆ ದೇವರೇ ನಡೆದು ಬಂದಂತಾಗಿತ್ತು. ಓಣಿಗೆಲ್ಲ ಗಿಣ್ಣ ಹಂಚಿದ್ದರು. ನೆತ್ತಿಯಲ್ಲಿ ಬಿಳಿ ಚುಕ್ಕಿಯಿದ್ದ ಆ ಕರುವನ್ನು ಬಾಲಮಣಿ ತೊಟ್ಟಿಲ ಬಳಿಗೇ ತರಿಸಿಕೊಂಡು, ಇವ ನಿನ್ನ ತಮ್ಮ ಎಂದು ಮಗನಿಗೆ ತೋರಿಸಿದ್ದಳು. ಚಂದ್ರಿಯ ಹಾಲಿಗೆ ಕೂಸಿನ ಕೆನ್ನೆ ತುಂಬಿಕೊಳ್ಳತೊಡಗಿತ್ತು.

ಈಗ ಕರು ಹೊಟ್ಟೆ ಕೆಟ್ಟು ಸತ್ತಿತ್ತು. ಚಂದ್ರಿ ಕೆಚ್ಚಲು ಬಿಗಿಹಿಡಿದು, ಕೈ ಹಾಕಿದರೆ ಒದೆಯುತ್ತಿದ್ದಳು. ಒಳಗೆ ಕೂಸು ಅತ್ತು ಅತ್ತು ದನಿ ಒಡೆದುಕೊಂಡಿತ್ತು.

ಕರುವಿನ ತೊಗಲಿಗೇ ಹುಲ್ಲು ತುಂಬಿ ಮುಂದೆ ನಿಲ್ಲಿಸಿದರೆ ವಾಸನೆಗೆ ಮರುಳಾಗಿ ಎಮ್ಮೆ ಹಾಲಿಳಿಸುತ್ತದೆ. ತಾಂಡೂರಿನಲ್ಲಿ ಅದು ದಿನದ ಕೆಲಸ. ಸಾಯಪ್ಪನನ್ನು ಬರಿಗೈಯಲ್ಲಿ ಕಳಿಸಿ ವೈಜಿನಾಥ ಚಾಕು ಹುಡುಕುತ್ತಿದ್ದಾಗ ಅತ್ತೆ ಸುಗಲಾಬಾಯಿ ಬಂದು ಬಾಗಿಲಿಗಡ್ಡ ಕೂತಳು. ಮನೆಯವರು ಯಾರೂ ಬಾಯಿ ಬಿಟ್ಟು ಆಡದ ಮಾತನ್ನು ತಗ್ಗಿದ ದನಿಯಲ್ಲಿ ಹೇಳಿದಳು. ಹಿಂದೊಂದು ತಲೆಮಾರಿನಲ್ಲಿ ಈ ಮನೆಯ ಸೊಸೆ ಹಡೆದು ಸತ್ತಳು. ಅವಳ ಕೂಸಿಗೆ ಹಾಲೂಡಿಸಲು ಈಶಮ್ಮ ಎಂಬ ಬಾಣಂತಿಯನ್ನು ತಂದಿಟ್ಟುಕೊಂಡರು. ಒಡೆಯರ ಕೂಸು ಕುಡಿದು ಉಳಿದದ್ದು ಈಶಮ್ಮನ ಮಗುವಿಗೆ ಸಾಲಲಿಲ್ಲ. ಅದು ಸೊರಗಿ ಸತ್ತಿತು. ದುಃಖಕ್ಕೆ ಅವಳ ಹಾಲು ನಿಂತೀತೆಂದು ಹೆದರಿದ ಮನೆಯವರು, ಸತ್ತ ಮಗುವಿಗೆ ತೊಡಿಸುತ್ತಿದ್ದ ಕುಂಚಿಗೆಗೆ ಹುಲ್ಲು ತುಂಬಿ, ಜ್ವರದಲ್ಲಿ ಕಣ್ಣು ಮಂಜಾಗಿದ್ದ ಅವಳ ಮಡಿಲಲ್ಲಿಟ್ಟರು. ಹಾಲು ಇಳಿಯಿತು. ಜ್ವರ ಬಿಟ್ಟ ದಿನ ಮುದ್ದಿಡಲು ಬಾಗಿದವಳ ತುಟಿಗೆ ಹುಲ್ಲು ಚುಚ್ಚಿತು. ಆ ಕುಂಚಿಗೆಯನ್ನು ಅವಳು ಇದೇ ಕೊಟ್ಟಿಗೆಯ ಗೂಟದ ಬುಡದಲ್ಲಿ ಹೂತು, ಮೇಲೆ ತನ್ನ ಕಡೆಯ ಹಾಲು ಹಿಂಡಿ, ಒಂದು ಮಾತು ಆಡಿ ಹೊರಟುಹೋದಳು.

"ಇಲ್ಲಿ ಇನ್ನೊಮ್ಮಿ ಯಾರು ಹುಲ್ಲು ತೋರಿಸಿ ತಾಯೀಗಿ ಮೋಸ ಮಾಡ್ತಾರ, ಅವರ ತೊಟ್ಟಿಲದಾಗ ಹುಲ್ಲೇ ಮಲಗಲಿ ಅಂದಾಳಂತ ಯಪ್ಪಾ." ಸುಗಲಾಬಾಯಿ ಅಳಿಯನ ಮುಂದೆ ಸೆರಗೊಡ್ಡಿದಳು. "ಕೂಸಿಗಿ ಗಂಜಿ ತಿಳಿ ಕುಡಿಸಿ ಬದುಕಿಸೋಣು. ಈ ಹಾಲು ಬ್ಯಾಡ್ರಿ."

"ಎಂದೋ ಸತ್ತ ಮುದುಕೀ ಮಾತಿಗಿ ನನ್ನ ಮಗನ ಉಪಾಸ ಕೆಡವಲೇನು ಅತ್ತಿ?" ಎಂದು ವೈಜಿನಾಥ ಅವಳನ್ನು ದಾಟಿ ಹೋದ.

ಹಳ್ಳದ ದಂಡೆಯಲ್ಲಿ ತಾನೇ ಸುಲಿದ. ತೊಗಲಿಗೆ ಉಪ್ಪು, ಬೂದಿ ತಿಕ್ಕಿದ. ಒಣಹುಲ್ಲು ತುಂಬಿ, ದಬ್ಬಣದಲ್ಲಿ ಸುತಳಿ ಪೋಣಿಸಿ, ತಾಂಡೂರಿನಲ್ಲಿ ಕಲಿತ ಜೋಡಿ ಗಂಟಿನ ಹೊಲಿಗೆ ಹಾಕಿ ಹೊಟ್ಟೆ ಮುಚ್ಚಿದ. ಅದನ್ನು ಚಂದ್ರಿಯ ಮುಂದಿಟ್ಟಾಗ ಅವಳು ಮೂಸಿದಳು, ಬುಸುಗುಟ್ಟಿದಳು, ಮತ್ತೆ ಮೂಸಿದಳು. ಆಮೇಲೆ ಆ ನೆತ್ತಿಯ ಬಿಳಿ ಚುಕ್ಕಿಯನ್ನು ನೆಕ್ಕತೊಡಗಿದಳು. ಕೆಚ್ಚಲಿನಿಂದ ಹಾಲು ತಾನಾಗಿ ತೊಟ್ಟಿಕ್ಕಿತು. ನೊರೆ ತುಂಬಿದ ಚರಿಗೆ ಹಿಡಿದು ಒಳಬಂದ ವೈಜಿನಾಥನ ಮುಖದಲ್ಲಿ ಹಬ್ಬವಿತ್ತು. ಕೂಸು ಕುಡಿದು ನಿದ್ದೆಹೋಯಿತು. ಬಾಲಮಣಿ ಗಂಡನ ಕೈಯನ್ನು ಕಣ್ಣಿಗೊತ್ತಿಕೊಂಡಳು.

ಚಂದ್ರಿ ಹೊತ್ತಿನಿಂದ ಹೊತ್ತಿಗೆ ಹೆಚ್ಚು ಹೆಚ್ಚು ಹಾಲು ಕೊಟ್ಟಳು. ಕೂಸು ಎಷ್ಟು ಕೊಟ್ಟರೂ ಕುಡಿಯಿತು. ಕುಡಿದರೂ ಅದರ ಕೈಕಾಲು ಕಡ್ಡಿಯಾಗುತ್ತ ಬಂತು.

ತುಂಬಿದ ಹುಲ್ಲು ತೇವಗೊಂಡರೆ ಬಿಸಿಲಿಗಿಟ್ಟು ಒಣಗಿಸಬೇಕು. ಹಾಗೆಂದು ಒಂದು ಮುಂಜಾನೆ ಕರುವನ್ನು ಎತ್ತಲು ಹೋದ ವೈಜಿನಾಥನಿಗೆ ಅದು ಎತ್ತಲಾಗದಷ್ಟು ಭಾರವಾಗಿತ್ತು. ಹೊಟ್ಟೆ ಬೆಚ್ಚಗಿತ್ತು. ಸತ್ತ ಬಾಯಿಯ ಅಂಚಿಗೆ ಹಾಲಿನ ನೊರೆ. ಎಮ್ಮೆ ನೆಕ್ಕಿದ್ದು ಎಂದುಕೊಂಡ. ಒಳಗೆ ಹೋಗಿ ಮಗನನ್ನು ಎತ್ತಿಕೊಂಡರೆ ಕೈಗೆ ಭಾರವೇ ಸಿಗಲಿಲ್ಲ. ನೆತ್ತಿ ಮೂಸಿದ. ಎಣ್ಣೆಯ ವಾಸನೆ ಇಲ್ಲ, ಬಜೆಯ ವಾಸನೆ ಇಲ್ಲ. ಬಣವೆಯ ವಾಸನೆ.

"ಕೂಸು ಶ್ಯಾಣ್ಯಾ ಆಗ್ಯಾನ್ರಿ, ಅಳೋದೇ ಬಿಟ್ಟಾನ," ಎಂದು ಬಾಲಮಣಿ ನಕ್ಕಳು.

ಆ ಮಧ್ಯಾಹ್ನ ಮೊಮ್ಮಗನನ್ನು ಮಗ್ಗಲು ಹೊರಳಿಸಿದ ಸುಗಲಾಬಾಯಿಗೆ ಒಳಗೆಲ್ಲೋ ಸರಸರ ಸದ್ದು ಕೇಳಿಸಿತು. ಅವಳು ದೇವರ ಜಗುಲಿಯಿಂದ ವಿಭೂತಿ ತಂದು ಹಣೆಗೆ ಹಚ್ಚಿದಳು. ಅದು ಅಂಟದೆ ಉದುರಿತು. ಅಳಿಯನನ್ನು ಹಿತ್ತಲಿಗೆ ಕರೆದು, ಈಗಿಂದೀಗ ಆ ಕರುವನ್ನು ಮಣ್ಣು ಮಾಡಿ ಚಂದ್ರಿಯ ಕಾಲು ಹಿಡಿಯಿರಿ ಎಂದಳು. ವೈಜಿನಾಥ ಹಾರೆಗೆ ಕೈ ಹಾಕಿದ. ಆದರೂ ಮಗ ಸಂಜೆಗೇನು ಕುಡಿದಾನು?

"ಇವತ್ತಿನ ಹಾಲೊಂದು ಹಿಂಡಿಕೊಳ್ತೀನಿ ಅತ್ತಿ. ಆಮ್ಯಾಲ ಮಣ್ಣು ಮಾಡ್ತೀನಿ."

ಹೊತ್ತು ಮುಳುಗುವಾಗ ಕೊಟ್ಟಿಗೆಗೆ ಹೋದ. ಒಳಗೆ ಸೆಗಣಿ, ಗಂಜಲ, ಹುಳಿಹಾಲಿನ ವಾಸನೆ ಗಂಟಲಿಗೆ ಅಂಟುವಷ್ಟು ದಟ್ಟವಾಗಿತ್ತು. ಕತ್ತಲು ಗೂಟದ ಬುಡದಿಂದಲೇ ಏಳುತ್ತಿರುವಂತೆ ಕಂಡಿತು. ಚಂದ್ರಿ ಮೆಲುಕಾಡುತ್ತಿರಲಿಲ್ಲ. ಕಿವಿ ನಿಮಿರಿಸಿ ನಿಂತಿದ್ದಳು.

ಕರು ಗೋಡೆಯತ್ತ ಮುಖ ಮಾಡಿತ್ತು. ಅವನು ಇಟ್ಟದ್ದು ಹಾಗಲ್ಲ.

ಅವನು ಕೂತ. ಮೊಲೆಗೆ ಕೈ ಹಾಕಿದ. ಹಾಲಿಲ್ಲ. ಒಂದು ಹನಿಯೂ ಇಲ್ಲ.

ಚಪ್ಪರಿಸುವ ಸದ್ದು ಬಂತು. ನಿಂತಿತು.

ಆಮೇಲೆ ಅಳು. ಕರುವಿನದಲ್ಲ. ಸಣ್ಣ ಅಳು. ಮನೆಯೊಳಗೆ ಕೇಳದೆ ಎಷ್ಟೋ ದಿನವಾಗಿದ್ದ ಅಳು.

ತೊಗಲಿನೊಳಗಿಂದ.

ಕುಡುಗೋಲು ಕೈಗೆ ಬಂತು. ಹೊಲಿಗೆಗೆ ಹಾಕಿದ. ಗಂಟು ಹರಿಯಿತು. ಮತ್ತೊಂದು. ಬಿಸಿ ಹಾಲು ಕೈಮೇಲೆ ಸುರಿಯಿತು. ಹುಲ್ಲು. ತೊಯ್ದ ಹುಲ್ಲು. ತೋಳು ಒಳಗಿಟ್ಟು ತಡಕಾಡಿದ. ಏನೋ ಸಿಕ್ಕಿತು. ಎಳೆದ. ಕರಿ ಉಡುದಾರ. ಅದರ ತುದಿಗೆ, ಮಗನಿಗೆಂದು ತಾನೇ ಕಟ್ಟಿದ ಬೆಳ್ಳಿ ಗೆಜ್ಜೆ.

ಒಂದು ಪುಟ್ಟ ಉಸಿರು ಅವನ ಅಂಗೈಗೆ ತಾಕಿತು. ತಣ್ಣಗಾಯಿತು.

ಚಂದ್ರಿ ಬಾಗಿ ಆ ಉಡುದಾರವನ್ನು ಮೂಸಿದಳು. ಕೂಗಲಿಲ್ಲ. ಅವನ ಮುಖವನ್ನೇ ನೋಡಿದಳು.

ಅವನು ಓಡಿದ.

ದೀಪದ ಬೆಳಕಿನಲ್ಲಿ ಬಾಲಮಣಿ ಕೂಸನ್ನು ಎದೆಗೊತ್ತಿಕೊಂಡು ಕೂತಿದ್ದಳು. ಕುಪ್ಪಸ ತೊಯ್ದಿತ್ತು. ಜ್ವರ ಬಂದಾಗಿನಿಂದ ಕಾಣದಿದ್ದ ಕಳೆ ಮುಖದ ಮೇಲಿತ್ತು.

"ನೋಡ್ರಿಲ್ಲಿ, ಹಾಲು ಬಂದಾದ್ರಿ," ಎಂದಳು. "ಈಗಿನ್ನ ಕೂಸಿನ ಮಾರಿ ನೋಡ್ಕೋತ ಕೂತಿದ್ದೆ, ಝಲ್ಲಂತ ಇಳೀತು. ಇನ್ನ ಎಮ್ಮಿ ಹಾಲಿನ ಫಿಕರ್ ಇಲ್ಲ."

ವೈಜಿನಾಥ ಬಾಗಿ ಹೊದಿಕೆ ಸರಿಸಿದ. ಉಡುದಾರ ಇರಬೇಕಾದಲ್ಲಿ, ಹೊಟ್ಟೆಯ ಸುತ್ತ, ಸುತಳಿಯ ಹೊಲಿಗೆ ಇತ್ತು. ಜೋಡಿ ಗಂಟು. ಅವನದೇ ಕೈ. ಒಂದೆರಡು ಕಡೆ ಈಗ ತಾನೆ ಹರಿದಂತೆ ಬಾಯಿ ಬಿಟ್ಟು, ಒಂದು ಎಸಳು ಹುಲ್ಲು ಹೊರಚಾಚಿತ್ತು.

ಬಾಯಿ ತೆರೆದ. ಬಾಗಿಲಲ್ಲಿ ಸುಗಲಾಬಾಯಿ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ನಿಂತಿದ್ದಳು. ಎಲ್ಲವನ್ನೂ ನೋಡಿದ್ದಳು. ಮಗಳ ಮುಖದತ್ತ ಕಣ್ಣು ತೋರಿಸಿ, ಬೇಡ ಎಂದು ಮೆಲ್ಲನೆ ತಲೆಯಾಡಿಸಿದಳು. ಗೂಡಿನಲ್ಲಿದ್ದ ದಬ್ಬಣವನ್ನು ತೆಗೆದು ಅಳಿಯನ ಕೈಗಿತ್ತಳು.

"ಒದ್ದಿ ಆಗ್ಯಾನ ನೋಡ್ರಿ," ಎಂದಳು ಬಾಲಮಣಿ, ಆ ಹಣೆಗೆ ತುಟಿಯೊತ್ತುತ್ತ. "ಮುಂಜಾನಿ ಬಿಸಿಲಿಗಿ ಹಿಡೀರಿ."

ಬೆಳಕು ಹರಿದಾಗ ವೈಜಿನಾಥ ಹಿತ್ತಲ ಬಣವೆಯ ಮುಂದೆ ಮೊಣಕಾಲೂರಿ ಕೂತಿದ್ದ. ಕೊಟ್ಟಿಗೆಯಲ್ಲಿ ಚಂದ್ರಿ ಆಗ ಕೂಗತೊಡಗಿದಳು. ಕರು ಸತ್ತ ದಿನ ಕೂಗಬೇಕಿದ್ದ ಕೂಗು ಅದು. ಅವನು ತಲೆ ಎತ್ತಲಿಲ್ಲ. ಬಾಲಮಣಿಯ ತುಟಿಗೆ ಚುಚ್ಚದಂಥ ಮೆತ್ತನೆಯ ಹುಲ್ಲನ್ನು ಒಂದೊಂದೇ ಎಳೆಯಾಗಿ ಆರಿಸುತ್ತಿದ್ದ.