ಫಕೀರವ್ವನ ಬೆನ್ನು

ಹೊಸ ವೇಗನಿಯಾಮಕ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಹುಬ್ಬಳ್ಳಿಯ ಆ ದೊಡ್ಡ ಆಸ್ಪತ್ರೆಯಲ್ಲಿ, ಅರವತ್ತು ಕಿಲೋ ಬಟ್ಟೆ ಒಮ್ಮೆಗೇ ನುಂಗುವ ಒಗೆಯುವ ಯಂತ್ರದ ಪಕ್ಕದ ಗೋಡೆಗೆ ಅದನ್ನು ತೂಗುಹಾಕಿದ್ದರು. ಊಟದ ಡಬ್ಬಿಯಷ್ಟೇ ದೊಡ್ಡದು. ವಿದ್ಯುತ್ತು ಮೊದಲು ಅದರೊಳಗೆ ಹೋಗಿ, ಆಮೇಲೆ ಮೋಟಾರಿಗೆ ಬರುತ್ತಿತ್ತು. ತಿರುಗುವ ಪೀಪಾಯಿಯಲ್ಲಿ ಬಟ್ಟೆ ಒಂದೇ ಕಡೆ ಗುಡ್ಡೆಯಾದರೆ ಮೋಟಾರು ಎಳೆಯುವ ವಿದ್ಯುತ್ತು ಏರಿಳಿಯುತ್ತದೆ. ಆ ಏರಿಳಿತವನ್ನು ಓದಿ ನಿಯಾಮಕ ವೇಗ ತಗ್ಗಿಸಿ, ಬಟ್ಟೆ ಹರಡಿ, ಮತ್ತೆ ಓಡಿಸುತ್ತಿತ್ತು. ಇಷ್ಟು ದಿನ ಇದನ್ನು ಅಲ್ಲಿ ಬಟ್ಟೆ ಒಗೆಯುವ ಫಕೀರವ್ವ ಯಂತ್ರದ ಬಾಗಿಲಿನ ಮೇಲೆ ಅಂಗೈ ಇಟ್ಟು, ನಡುಕ ಗುರುತಿಸಿ ಮಾಡುತ್ತಿದ್ದಳು. ಇಪ್ಪತ್ತಾರು ವರ್ಷ, ನಿಂತೇ.

ನಿಂತು ನಿಂತು ಅವಳ ಸೊಂಟ ಹಿಡಿದುಹೋಗಿತ್ತು. ಮೂರು ತಿಂಗಳು ಜೊತೆಗಿದ್ದು, ನೋಡಿ ಕಲಿಯುವ ಆ ನಿಯಾಮಕಕ್ಕೆ ಕಲಿಸಿದರೆ, ಕಿಟಕಿಯ ಬಳಿ ಕೂತು ವಾರ್ಡುಗಳಿಂದ ಬರುವ ಬಟ್ಟೆಯ ಚೀಟಿ ತೆಗೆದುಕೊಳ್ಳುವ ಕೆಲಸ ಕೊಡಿಸುವುದಾಗಿ ಎಂಜಿನಿಯರ್ ಅನಘಾ ಹೂಲಿ ಮಾತು ಕೊಟ್ಟಿದ್ದಳು. ಫಕೀರವ್ವನಿಗೆ ಬೇಕಾಗಿದ್ದುದೂ ಅದೊಂದೇ, ಒಂದು ಕುರ್ಚಿ.

ಮೂರು ತಿಂಗಳು ಮುಗಿದು ಕೊನೆಗೂ ಆ ಸೋಮವಾರ ಬಂತು. ಕುರ್ಚಿಯಲ್ಲಿ ಕೂತು ಅರ್ಧ ಕಪ್ ಚಹಾ ಕುಡಿದಿದ್ದಳೋ ಇಲ್ಲವೋ, ಅನಘಾ ಓಡಿಬಂದಳು.

"ಫಕೀರವ್ವಾರ, ಸ್ವಲ್ಪ ಬರ್ರಿ. ಬಟ್ಟಿ ತೊಳೀತೈತಿ, ಹಿಂಡಾಕ ಒಲ್ಲೆ ಅಂತೈತಿ."

"ಇವತ್ತರ ಬಿಡ್ರಿ ನನ್ನ," ಎನ್ನುತ್ತಲೇ ಎದ್ದಳು. ಅಳು ಬರುವಷ್ಟು ಬೇಸರವಾಗಿತ್ತು ಅವಳಿಗೆ.

ಪೀಪಾಯಿ ಸ್ವಲ್ಪ ತಿರುಗುವುದು, ನಿಲ್ಲುವುದು, ಮತ್ತೆ ತಿರುಗುವುದು. ಒಳಗೆ ಬಟ್ಟೆ ಸಮವಾಗಿಯೇ ಹರಡಿತ್ತು. ಏನೂ ತೋಚದೆ ಫಕೀರವ್ವ ಎಂದಿನಂತೆ ಯಂತ್ರದ ಪಕ್ಕಕ್ಕೆ ಬೆನ್ನು ಕೊಟ್ಟು ನಿಂತಳು. ಪೀಪಾಯಿ ಭರ್ರನೆ ತಿರುಗತೊಡಗಿತು.

"ದಿನಾ ಹಿಂಗ ಒರಗಿ ನಿಲ್ತಿದ್ರೇನ್ರಿ?"

"ಹಿಂಡೂ ಹೊತ್ತಿಗೆ ಬೆಚ್ಚಗಿರತೈತ್ರಿ. ಗದಗದ ನಡಗತೈತಿ. ಸೊಂಟಕ್ಕ ಆರಾಮ ಅನಸ್ತೈತಿ. ತಪ್ಪೇನ್ರಿ ಬಾಯಾರ?"

ಅನಘಾ ಹಣೆ ಚಚ್ಚಿಕೊಂಡಳು. ಅವಳು ಮೂರು ತಿಂಗಳೂ ವಿದ್ಯುತ್ತನ್ನು ಅಳೆದಿದ್ದಳೇ ಹೊರತು, ಯಂತ್ರಕ್ಕೆ ಯಾರು ಒರಗಿದ್ದಾರೆಂದು ನೋಡಿರಲಿಲ್ಲ. ಒರಗಿದ ಮೈ ನಡುಕವನ್ನು ಮೆತ್ತಗೆ ಹೀರಿಕೊಳ್ಳುತ್ತದೆ. ಪ್ರತಿ ಸಲ ಹಿಂಡುವಾಗಲೂ ಆ ಮೈ ಅಲ್ಲಿತ್ತು. ಪಾಪದ ನಿಯಾಮಕ ಅದನ್ನೂ ಯಂತ್ರದ ಒಂದು ಭಾಗವೆಂದೇ ಕಲಿತಿತ್ತು; ಅದಿಲ್ಲದಿದ್ದರೆ ಯಂತ್ರ ಕೆಟ್ಟಿದೆಯೆಂದು ತಿಳಿದು ನಿಲ್ಲಿಸಿಬಿಡುತ್ತಿತ್ತು. ಅವಳ ಬದಲು ಹಸಿ ಬಟ್ಟೆಯ ಮೂಟೆ ಆನಿಸಿ ನೋಡಿದರು. ನಿಯಾಮಕ ನಂಬಲಿಲ್ಲ. ಮೂಟೆ ಉಸಿರಾಡುವುದಿಲ್ಲವಲ್ಲ.

"ಕಲ್ತದ್ದೆಲ್ಲಾ ಅಳಿಸಿ ಮತ್ತ ಕಲಿಸಬೇಕ್ರಿ. ಇನ್ನೂ ಮೂರು ತಿಂಗಳ, ಒರಗದಂಗ ನಿಂತು..." ಅನಘಾ ಅವಳ ಸೊಂಟದ ಕಡೆ ನೋಡಿದಳು.

ಫಕೀರವ್ವ ಕಣ್ಣು ಮುಚ್ಚಿ ಒರಗಿಯೇ ಇದ್ದಳು. "ಕೂತು ಒರಗಿದ್ರ ಅದಕ್ಕೇನ್ ಗೊತ್ತಾಗತೈತ್ರಿ?"

ಅನಘಾ ತಾನೇ ಹೋಗಿ ಕಿಟಕಿಯ ಬಳಿಯ ಮರದ ಕುರ್ಚಿ ತಂದಳು. ಬಡಗಿಯನ್ನು ಕರೆಸಿ ಅದರ ಬೆನ್ನೊರಗನ್ನು ಕೊಯ್ಯಿಸಿದಳು. ಫಕೀರವ್ವ ಅದರಲ್ಲಿ ಕೂತು, ಯಂತ್ರದ ಬಿಸಿ ತಗಡಿಗೆ ಬೆನ್ನು ಆನಿಸಿದಳು. ಪೀಪಾಯಿ ಒಂದು ಗಳಿಗೆ ಅನುಮಾನಿಸಿ, ಆಮೇಲೆ ಓಡಿತು.

ಈಗ ವಾರ್ಡಿನವರು ಚೀಟಿ ಹಿಡಿದು ಅವಳಿದ್ದಲ್ಲಿಗೇ ಬರುತ್ತಾರೆ. ಅವಳು ಬಾರದ ದಿನ ಹಾಸಿಗೆ ಬಟ್ಟೆಗಳೆಲ್ಲ ನೀರು ಸುರಿಸುತ್ತ ಬಿದ್ದಿರುತ್ತವೆಂದು ಅವಳ ರಜೆಯ ಅರ್ಜಿಗಳನ್ನೆಲ್ಲ ಆಸ್ಪತ್ರೆಯವರು ವಾಪಸು ಕಳಿಸುತ್ತಾರೆ. ಫಕೀರವ್ವನಿಗೆ ಕುರ್ಚಿಯೇನೋ ಸಿಕ್ಕಿತು. ಅದರಿಂದ ಏಳುವಂತಿಲ್ಲ, ಅಷ್ಟೆ.