ಬಸವರಾಜುವನ್ನು ಮೇಲೆ ತಂದದ್ದು

ನೀರಿನ ಟ್ಯಾಂಕರ್ ಓಡಿಸುತ್ತಿದ್ದ ಬಸವರಾಜು, ದಂಡಿಗನಹಳ್ಳಿ ಕಡೆಯ ಪಾಳು ಕಲ್ಲು ಕ್ವಾರಿಗೆ ಗಾಡಿ ಸಮೇತ ಬಿದ್ದಿದ್ದ. ಊರವರು ಪಾತಾಳಗರಡಿ ಬಿಟ್ಟು ಹುಡುಕಿದರು. ಕಬ್ಬಿಣಕ್ಕೆ ಕಬ್ಬಿಣ ತಾಗಿತೇ ಹೊರತು ಹೆಣ ಸಿಗಲಿಲ್ಲ. ಅವನನ್ನು ಮೇಲೆ ತರಲು ಹಾಸನದಿಂದ ಇಬ್ಬರು ಮುಳುಗುಗಾರರು ಬಂದರು: ಅರಕಲಗೂಡಿನ ಸ್ನೇಹಲತಾ, ಹೊಳೆನರಸೀಪುರದ ಶಶಿಕಿರಣ್.

ಶಶಿಯ ಚೀಲದಲ್ಲಿ ಕೈಗಡಿಯಾರದಂಥ ಎರಡು ಡೈವ್ ಕಂಪ್ಯೂಟರ್‌ಗಳಿದ್ದವು. ಹೊಸದಕ್ಕೆ ಬಣ್ಣದ ಪರದೆ, ಹಳೆಯದು ಮಂಕು. ಸ್ನೇಹಲತಾ ಹಳೆಯದನ್ನೇ ಕಟ್ಟಿಕೊಂಡಳು.

"ಅದು ಮೇಲಕ್ಕೆ ಬರೋವಾಗ ಬಾಳ ಹೊತ್ತು ಕಾಯಿಸ್ತದೆ ಅಕ್ಕಾ," ಎಂದ ಶಶಿ.

"ಕಾಯಿಸ್ಲಿ. ಸಮುದ್ರದ ಮಟ್ಟದಿಂದ ನಾವು ಎಷ್ಟು ಮೇಲಿದೀವಿ! ಇಲ್ಲಿ ಗಾಳಿ ಒತ್ತಡ ಕಮ್ಮಿ. ಇದು ತಾನೇ ಅಳೆದು ಲೆಕ್ಕ ತಿದ್ಕೊಳ್ತದೆ. ನಿಂದಕ್ಕೆ ನೀನೇ ಹೇಳ್ಬೇಕು. ಎತ್ತರ ಹಾಕಿದ್ಯಾ?"

"ಹೂಂ, ಹಾಕಿದ್ದೆ."

"ಎರಡೂ ಬೇರೆ ಬೇರೆ ಹೇಳಿದ್ರೆ, ಯಾವ್ದು ಜಾಸ್ತಿ ಹೊತ್ತು ನಿಲ್ಸತ್ತೋ ಅದ್ರ ಮಾತೇ ಕೇಳೋದು."

ಶಶಿ ತಲೆಯಾಡಿಸಿದ. ಹಗ್ಗ ಹಿಡಿದು ನಿಂತಿದ್ದ ಬಸವರಾಜುವಿನ ಅಣ್ಣ ಕೆಂಪಣ್ಣನಿಗೆ ತಾಳ್ಮೆ ಮೀರಿತ್ತು. "ಓಗಿ ಎತ್ಕೊಂಡ್ ಬರಾಕೆ ಇಷ್ಟೊಂದ್ ಲೆಕ್ಕ ಯಾಕವ್ವಾ?"

"ಆಳದಲ್ಲಿ ಎಳೆದುಕೊಂಡ ಗಾಳಿ ಮೈಯೊಳಗೆ ಕರಗ್ತದೆ, ಕೆಂಪಣ್ಣ. ರಕ್ತಕ್ಕೆ ಬೇಗ, ಕೀಲಿಗೆ ನಿಧಾನ. ಬಿಟ್ಟೋಗೋದೂ ಅಂಗೇ. ದಡದಡ ಮೇಲಕ್ ಬಂದ್ರೆ ಒಳಗೇ ಗುಳ್ಳೆ ಕಟ್ತದೆ. ಕೈಕಾಲು ಬಿದ್ದೋಯ್ತವೆ, ಜೀವಾನೂ ಓಯ್ತದೆ. ಎಲ್ಲಿ, ಎಷ್ಟೊತ್ತು ನಿಲ್ಬೇಕು ಅಂತ ಈ ಕಂಪ್ಯೂಟರ್ ಹೇಳ್ತದೆ."

ನೀರಿಗೆ ಎರಡು ಹಗ್ಗ ಇಳಿಬಿಟ್ಟಿದ್ದರು. ಒಂದು ಹೆಣ ಎಳೆಯಲು. ಇನ್ನೊಂದರಲ್ಲಿ, ಮೂರಾಳುದ್ದ ಕೆಳಗೆ, ಏರುವಾಗ ನಿಂತು ಉಸಿರಾಡಲು ಹೆಚ್ಚುವರಿ ಗಾಳಿಯ ಸಿಲಿಂಡರ್ ತೂಗುತ್ತಿತ್ತು. ಹೊಂಗೆ ಮರದ ಬುಡದಲ್ಲಿ ಕೂತಿದ್ದ ಬಸವರಾಜುವಿನ ಹೆಂಡತಿ ಕಮಲಾಕ್ಷಮ್ಮ ಒಂದೇ ಮಾತು ಆಡಿದಳು: "ಮೊಕ ನೋಡಂಗಿದ್ರೆ ಸಾಕು ಕಣವ್ವಾ."

ಇಬ್ಬರೂ ಮುಳುಗಿದರು.

ಮೇಲಿನ ನೀರು ಪಾಚಿಹಸಿರು, ಬೆಚ್ಚಗೆ. ಕೆಳಕ್ಕಿಳಿದಂತೆ ಹಸಿರು ಕಂದಾಯಿತು, ಕಂದು ಕಪ್ಪಾಯಿತು. ಟಾರ್ಚಿನ ಬೆಳಕಿಗೆ ಕ್ವಾರಿಯ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ಬಂಡೆ ಸೀಳಲು ಹಿಂದೆಂದೋ ಕೊರೆದ ತೂತುಗಳು ಸಾಲುಗಟ್ಟಿದ್ದವು. ಒಂದು ಮಟ್ಟದಲ್ಲಿ ತಣ್ಣೀರು ಮೈಯನ್ನು ಕಚ್ಚಿ ಹಿಡಿಯಿತು. ಅಲ್ಲಿಂದ ಕೆಳಗೆ ಮೀನೂ ಇರಲಿಲ್ಲ. ತಳದಲ್ಲಿ ಟ್ಯಾಂಕರ್ ಮಗ್ಗುಲಾಗಿ ಮಲಗಿತ್ತು.

ಬಸವರಾಜು ಕ್ಯಾಬಿನ್ನಿನಲ್ಲೇ ಇದ್ದ. ಸ್ಟೇರಿಂಗ್ ಅವನ ಎದೆಯನ್ನು ಸೀಟಿಗೆ ಒತ್ತಿ ಹಿಡಿದಿತ್ತು. ಸ್ನೇಹಲತಾ ಮುಖದ ಕಡೆ ಬೆಳಕು ಬಿಡಲಿಲ್ಲ. ಶಶಿ ಸೀಟನ್ನು ಮೀಟಿದ, ಬೆಲ್ಟ್ ಕೊಯ್ದ, ಮತ್ತೆ ಮೀಟಿದ. ಹೂಳೆದ್ದು ಕಣ್ಣು ಕಟ್ಟಿತು. ಅಂದುಕೊಂಡದ್ದಕ್ಕಿಂತ ಬಹಳ ಹೊತ್ತು ಹಿಡಿಯಿತು. ಕೊನೆಗೆ ಹೆಣವನ್ನು ಚೀಲಕ್ಕೆ ಸೇರಿಸಿ, ಹಗ್ಗಕ್ಕೆ ಬಿಗಿದು, ಜಗ್ಗಿ ಸನ್ನೆ ಕೊಟ್ಟರು. ಚೀಲ ಕತ್ತಲಲ್ಲಿ ಮೇಲೆದ್ದು ಮರೆಯಾಯಿತು.

ಅದರ ಹಿಂದೆ ಇವರೂ ನಿಧಾನವಾಗಿ ಏರಿದರು. ಸಿಲಿಂಡರ್ ಇರಬೇಕಾದ ಆಳಕ್ಕೆ ಬಂದು ಸ್ನೇಹಲತಾ ಕೈ ಚಾಚಿದಳು.

ಸಿಲಿಂಡರ್ ಇರಲಿಲ್ಲ.

ಹಗ್ಗಗಳೆರಡೂ ಹೆಣೆದುಕೊಂಡಿರಬೇಕು, ಹೆಣದ ಜೊತೆ ಅದೂ ಮೇಲೆ ಹೋಗಿತ್ತು.

ಇಬ್ಬರೂ ಗೋಡೆಯ ತೂತುಗಳಿಗೆ ಬೆರಳು ತುರುಕಿ ನಿಂತರು. ಶಶಿಯ ಗಾಳಿ ಮುಗಿದಿತ್ತು. ಸ್ನೇಹಲತಾ ತನ್ನ ಎರಡನೇ ಕೊಳವೆಯನ್ನು ಅವನ ಬಾಯಿಗಿಟ್ಟಳು. ಅವಳ ಗಾಳಿಮಾಪಕದ ಮುಳ್ಳೂ ಕೆಂಪಿಗೆ ಇಳಿಯುತ್ತಿತ್ತು. ಶಶಿ ತನ್ನ ಮಣಿಕಟ್ಟು ಮುಂದೆ ಹಿಡಿದ. ಹಸಿರು: ಹೋಗಬಹುದು. ಅವಳು ತನ್ನದನ್ನು ತೋರಿಸಿದಳು: ನಿಲ್ಲು.

ಅವನು ಮೇಲಕ್ಕೆ ಬೆರಳು ಮಾಡಿದ. ಅವಳು ತಲೆ ಅಲ್ಲಾಡಿಸಿದಳು. ಅವನು ಒದ್ದುಕೊಂಡು ಏರಲು ನೋಡಿದ. ಅವಳು ಅವನ ಎದೆಪಟ್ಟಿ ಹಿಡಿದು ಬಂಡೆಗೆ ಒತ್ತಿದಳು.

ಮೇಲೆ ಬೆಳಕು ಅಷ್ಟು ಹತ್ತಿರದಲ್ಲಿತ್ತು. ಅವಳಿಗೂ ಅದರತ್ತ ಹಾರಿಬಿಡಬೇಕು ಅನ್ನಿಸಿತು. ತಾನೇ ತಪ್ಪಿದ್ದರೆ? ಈ ಹಳೇ ಯಂತ್ರದ ಮಾತು ಕೇಳಿ ಇವನನ್ನು ಇಲ್ಲೇ ಕೊಲ್ಲುತ್ತಿದ್ದರೆ? ಕೊಳವೆಯಲ್ಲಿ ಉಸಿರು ಬಿಗಿಯಾಗತೊಡಗಿತು. ಒಂದೊಂದು ಗುಟುಕನ್ನೂ ಎಳೆದು ತೆಗೆಯಬೇಕಾಗಿತ್ತು. ಶಶಿ ಕಣ್ಣು ಮುಚ್ಚಿ ಅವಳ ತೋಳಿಗೆ ಜೋತುಬಿದ್ದ.

ಆಗ ತಲೆಯ ಮೇಲೆ ನೀರು ಕಲಕಿತು. ಹಳದಿ ಸಿಲಿಂಡರ್ ಗೋಡೆಗೆ ಡಿಕ್ಕಿ ಹೊಡೆಯುತ್ತ ಇಳಿದು ಬಂತು.

ಮಂಕು ಪರದೆ ಒಪ್ಪಿದ ಮೇಲೆಯೇ ಅವರು ಮೇಲೆದ್ದರು. ದಡದಲ್ಲಿ ಶಶಿ ಮಣಿಕಟ್ಟಿನ ಗುಂಡಿ ಒತ್ತಿ ನೋಡಿದ. "ಬ್ಯಾಟರಿ ಬದಲಾಯ್ಸಿದಾಗ ಎತ್ತರ ಅಳಿಸೋಗಿದೆ ಅಕ್ಕಾ. ಸಮುದ್ರದ ಲೆಕ್ಕಾನೇ ಹೇಳ್ತಿತ್ತು."



"ನಾವೆಲ್ಲ ಹೆಣದ ಮುಂದೇನೇ ಬಿದ್ದು ಅಳ್ತಿದ್ವಿ ಕಣವ್ವಾ," ಎಂದ ಕೆಂಪಣ್ಣ ತಲೆ ತಗ್ಗಿಸಿ. "ಕಮಲಾಕ್ಷೀನೇ ಆ ಸಿಲಿಂಡ್ರು ನೋಡಿದ್ದು. 'ಇದಿಲ್ಲಿದ್ರೆ ಅವ್ರೇನ್ ಉಸ್ರಾಡ್ತಾವ್ರೆ' ಅಂತ ಕಿರುಚ್ಕೊಂಡು ಎತ್ಕೊಂಡೋಗಿ ಇಳಿಬಿಟ್ಳು. ಇನ್ನೂ ಚೀಲಾನೂ ಬಿಚ್ಚಿಲ್ಲ."

ಕಮಲಾಕ್ಷಮ್ಮನ ಅಂಗೈ ಹಗ್ಗ ಉಜ್ಜಿ ಕಿತ್ತುಬಂದಿತ್ತು. ಇಬ್ಬರೂ ನಿಲ್ಲುವಂತಾದರು ಎಂದು ಕಣ್ಣಾರೆ ಕಂಡ ಮೇಲೆಯೇ ಅವಳು ಗಂಡನ ಬಳಿಗೆ ಹೋಗಿ ಕೂತಳು.

"ಈಗ ಬಿಚ್ಚಿ," ಎಂದಳು.