ಇಲ್ಲದವಳ ಬಟ್ಟೆಗೆ ಇಸ್ತ್ರಿ

"ಸತ್ತವರ ಬಟ್ಟೆಗೆ ಇಸ್ತ್ರಿ ಹಾಕಿಸಿ ಯಾರಿಗೆ ತೊಡಿಸ್ತೀರಿ ಮೇಷ್ಟ್ರೇ? ಮೊದಲು ಈ ಗಂಟನ್ನ ತಗೊಂಡು ಹೋಗಿ! ಇನ್ನೊಂದು ಸಲ ಇದು ನಮ್ಮ ಅಂಗಡಿ ಮೆಟ್ಟಿಲು ಹತ್ತಬಾರದು!"

ಲಾಂಡ್ರಿಯಲ್ಲಿದ್ದ ನಾಲ್ಕೈದು ಜನ ಸ್ತಬ್ಧರಾಗಿ ನಿಂತುಬಿಟ್ಟರು. ನಿವೃತ್ತ ಮೇಷ್ಟ್ರು ಮಾತ್ರ ತಪ್ಪು ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿಯಂತೆ ತಲೆ ತಗ್ಗಿಸಿದರು. ಅವರ ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಆದರೂ ಪ್ರತಿ ಶನಿವಾರ ಆಕೆಯ ನೀಲಿ ಕೋಟು, ಹೂವಿನ ಅಚ್ಚಿನ ಮೂರು ಅಂಗಿ, ಒಂದು ಬಿಳಿ ಶಾಲು ಗಂಟಾಗಿ ಬರುತ್ತಿದ್ದವು, ಸೋಮವಾರ ಗರಿಗರಿಯಾಗಿ ಮರಳುತ್ತಿದ್ದವು. ಇಸ್ತ್ರಿ ಮೇಜಿನ ಹಿಂದೆ ನಿಂತ ಸೊಸೆ ಒಂದು ದಿನವೂ ಏನನ್ನೂ ಕೇಳಿರಲಿಲ್ಲ. ಅಂಗಡಿಯ ಯಜಮಾನಿ, ಅವಳ ಅತ್ತೆ, ಇವತ್ತು ಕೇಳಿಬಿಟ್ಟಿದ್ದರು... ಅದೂ ಎಲ್ಲರೆದುರಿಗೆ!

ಮೇಷ್ಟ್ರು ಗಂಟನ್ನು ಎದೆಗವಚಿಕೊಂಡು ತಿರುಗಿದರು. ಸೊಸೆ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟು ಬೀದಿಗೆ ಓಡಿಬಂದಳು.

"ಮೇಷ್ಟ್ರೇ, ನಿಮ್ಮ ಮನೇಲಿ ಇಸ್ತ್ರಿಪೆಟ್ಟಿಗೆ ಇದೆಯಾ?"

"ಹಳೇದೊಂದಿದೆ ತಾಯಿ. ನನಗೆ ಹಾಕೋಕೆ ಬರಲ್ಲ. ಸುಟ್ಟುಬಿಡ್ತೀನೇನೋ ಅಂತ ಭಯ..."

"ಹಾಗಾದ್ರೆ ನಾಳೆ ಭಾನುವಾರ, ಅಂಗಡಿ ರಜ. ನಾನೇ ಬರ್ತೀನಿ."

ಅಂದಿನಿಂದ ಮನೆಯೊಳಗೆ ಮೌನದ ಗೋಡೆ ಎದ್ದಿತು. ಅತ್ತೆ ಸೊಸೆಯ ಮುಖ ನೋಡುವುದನ್ನೇ ಬಿಟ್ಟರು. ಉಪ್ಪು ಬೇಕಾದರೂ ಮಗನ ಮೂಲಕವೇ ಕೇಳುವರು. "ಅವಳಿಗೆ ಹೇಳೋ, ಬೀದಿಯವರ ಮೇಲಿರೋ ಕನಿಕರ ಮನೆಯವರ ಮೇಲೂ ಸ್ವಲ್ಪ ಇರಲಿ ಅಂತ!" ಒಂದೇ ಊಟದ ಮೇಜು, ಕೈಯಳತೆಯ ದೂರ... ಮಾತು ಮಾತ್ರ ಸುತ್ತು ಬಳಸಿ ಬರುತ್ತಿತ್ತು. "ಒಂದು ಕಡೆ ಅಮ್ಮ, ಒಂದು ಕಡೆ ನೀನು. ನನ್ನನ್ನೂ ಮಡಚಿ ಕಪಾಟಿನೊಳಗೆ ಇಟ್ಟುಬಿಡಿ, ನೆಮ್ಮದಿಯಾಗಿರ್ತೀನಿ" ಎಂದು ಗಂಡ ನಗಿಸಲು ನೋಡಿದ. ಅವಳಿಗೆ ನಗು ಬರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷ ಈ ಅತ್ತೆಯ ಪಕ್ಕದಲ್ಲೇ ನಿಂತು ದುಡಿದಿದ್ದಳು. ಜ್ವರ ಬಂದಾಗ ರಾತ್ರಿಯಿಡೀ ತನ್ನ ಹಣೆಗೆ ಒದ್ದೆ ಬಟ್ಟೆ ಹಾಕಿದ ಕೈಗಳು ಇವರವೇ ಅಲ್ಲವೇ? ಅಷ್ಟು ಮೆತ್ತನೆಯ ಕೈಗಳಿದ್ದವರಿಗೆ ಇಷ್ಟು ಬಿರುಸಾದ ನಾಲಗೆ ಎಲ್ಲಿಂದ ಬಂತು?

ಭಾನುವಾರದ ಮಧ್ಯಾಹ್ನಗಳು ಮಾತ್ರ ಬೇರೆ ಯಾವುದೋ ಲೋಕದವಾಗಿದ್ದವು. ಮೇಷ್ಟ್ರ ಮಹಡಿ ಕೋಣೆಯ ಕಿಟಕಿಯಲ್ಲಿ ತೆಳು ಪರದೆ ಉಸಿರಾಡುವಂತೆ ಏರಿ ಇಳಿಯುತ್ತಿತ್ತು. ನೀರು ಚಿಮುಕಿಸಿದ ಬಟ್ಟೆಯ ಮೇಲೆ ಇಸ್ತ್ರಿ ಹರಿದಾಗ ಎದ್ದ ಹಬೆ ಬಿಸಿಲ ಕೋಲಿನೊಳಗೆ ಹೊಕ್ಕು ನಿಧಾನವಾಗಿ ಸುತ್ತುತ್ತಿತ್ತು. ಮೇಷ್ಟ್ರು ಕುರ್ಚಿಯಲ್ಲಿ ಕೂತು ಹೆಂಡತಿಯ ವಿಷಯ ಹೇಳುವರು. ಆಕೆ ಲೆಕ್ಕದ ಪಾಠಕ್ಕೆ ಹೆದರುತ್ತಿದ್ದುದು, ಇಪ್ಪತ್ತು ವರ್ಷ ಒಂದೇ ಹಾಡನ್ನು ತಪ್ಪುತಪ್ಪಾಗಿ ಗುನುಗುತ್ತಿದ್ದುದು... ಕೇಳುತ್ತ ಕೇಳುತ್ತ ಸೊಸೆಗೆ ಆಕೆ ಪಕ್ಕದ ಕೋಣೆಯಲ್ಲೇ ಏನೋ ಹುಡುಕುತ್ತಿರುವಂತೆ ಭಾಸವಾಗುತ್ತಿತ್ತು.

ಮೂರನೆಯ ಭಾನುವಾರ ಮೇಷ್ಟ್ರೇ ಅಂದರು: "ನನಗೆ ಹುಚ್ಚು ಹಿಡಿದಿಲ್ಲಮ್ಮ. ಅವಳಿಲ್ಲ ಅಂತ ಗೊತ್ತು. ಆದರೆ ಬಟ್ಟೆ ಮುದುಡಿ ಬಿದ್ದಿದ್ರೆ, ಅವಳು ಇನ್ನೂ ಕಾಯಿಲೆಯಲ್ಲೇ ಮಲಗಿದಾಳೇನೋ ಅನ್ಸುತ್ತೆ. ಹೀಗೆ ನೆಟ್ಟಗಿದ್ರೆ... ಹುಷಾರಾಗಿ ಎಲ್ಲೋ ಹೊರಟು ನಿಂತಿದಾಳೆ ಅನ್ಸುತ್ತೆ."

ಬಾಗಿಲ ಬಳಿ ಯಾರೋ ಬಿಕ್ಕಿದ ಸದ್ದು!

ಸೊಸೆ ತಿರುಗಿ ನೋಡಿದಳು. ಅತ್ತೆ! ಅವಳನ್ನು ಅಲ್ಲೇ ಹಿಡಿದು ನಾಲ್ಕು ಮಾತು ಅಂದೇ ತೀರುವೆನೆಂದು ಹಿಂದೆಯೇ ಬಂದಿದ್ದವರು. ಆದರೆ ಅವರ ಕಣ್ಣು ತೆರೆದ ಕಪಾಟಿನ ಮೇಲೆ ನೆಟ್ಟಿತ್ತು. ಅಲ್ಲಿ ಸಾಲಾಗಿ ತೂಗುತ್ತಿದ್ದ ಅಂಗಿಗಳು ಗಾಳಿಗೆ ಒಂದಕ್ಕೊಂದು ತಾಗುತ್ತಿದ್ದವು.

"ಒಳಗೆ ಬನ್ನಿ" ಎಂದು ಮೇಷ್ಟ್ರು ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಹಳೆಯ ಅವಮಾನದ ನೆರಳೂ ಆ ದನಿಯಲ್ಲಿರಲಿಲ್ಲ.

ಅತ್ತೆ ಕೂರಲಿಲ್ಲ. ಹೋಗಿ ಒಂದು ಅಂಗಿಯ ತೋಳನ್ನು ಮುಟ್ಟಿದರು.

"ನನಗೂ ಒಬ್ಬಳು ಮಗಳಿದ್ದಳು, ಮೇಷ್ಟ್ರೇ..."

ಸೊಸೆಯ ಕೈಯಲ್ಲಿದ್ದ ಶಾಲು ಜಾರಿತು. ಒಂಬತ್ತು ವರ್ಷದಲ್ಲಿ ಆ ಮಾತನ್ನು ಮನೆಯಲ್ಲಿ ಒಬ್ಬರೂ ಉಸಿರಿರಲಿಲ್ಲ. ಗಂಡ ಕೂಡ!

"ಹತ್ತೊಂಬತ್ತು ವರ್ಷ ಅವಳಿಗೆ. ನಾಲ್ಕು ದಿನದ ಜ್ವರ, ಅಷ್ಟೇ. ಅವತ್ತು ನನಗೇನಾಯ್ತೋ! ಸಂಜೆಯೊಳಗೆ ಅವಳ ಬಟ್ಟೆ, ಪುಸ್ತಕ, ಫೋಟೊ ಎಲ್ಲ ಮನೆಯಿಂದಾಚೆ ಸಾಗಿಸಿಬಿಟ್ಟೆ. ಅವಳ ಹೆಸರೆತ್ತಬಾರದು ಅಂತ ಮಗನ ಹತ್ತಿರ ಆಣೆ ಹಾಕಿಸ್ಕೊಂಡೆ. ಕಣ್ಣಿಗೆ ಕಾಣದಿದ್ರೆ ನೋವೂ ಇರಲ್ಲ ಅನ್ಕೊಂಡಿದ್ದೆ... ಇಪ್ಪತ್ತೆರಡು ವರ್ಷದಿಂದ ಊರಿನವರ ಬಟ್ಟೆಯೆಲ್ಲ ಈ ಕೈಯಲ್ಲಿ ಒಗೆದಿದೀನಿ. ಅವಳದೊಂದು ಕರ್ಚೀಫು ಕೂಡ ನನ್ನ ಹತ್ತಿರ ಇಲ್ಲ! ಪ್ರತಿ ಶನಿವಾರ ನಿಮ್ಮ ಗಂಟು ನೋಡಿದಾಗ ಹೊಟ್ಟೆ ಉರೀತಿತ್ತು. ನಿಮಗೆ ಇಟ್ಕೊಳ್ಳೋ ಬುದ್ಧಿ ಇತ್ತಲ್ಲ ಅಂತ... ನನ್ನ ಕ್ಷಮಿಸಿಬಿಡಿ."

ಮೇಷ್ಟ್ರು ಕೇಳಿದರು: "ಹೇಗೆ ನಗ್ತಿದ್ದಳು ನಿಮ್ಮ ಮಗಳು?"

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ! "ಬಾಯಿ ಮುಚ್ಕೊಂಡು... ಮುಂದಿನ ಹಲ್ಲು ಸ್ವಲ್ಪ ಸೊಟ್ಟ, ಅದಕ್ಕೆ" ಎಂದ ಅತ್ತೆ ಅಳುತ್ತಳುತ್ತಲೇ ನಕ್ಕರು. ಆಮೇಲೆ ಮಾತು ನಿಲ್ಲಲೇ ಇಲ್ಲ. ಬಿಸಿಲು ಗೋಡೆಯಿಂದ ನೆಲಕ್ಕೆ, ನೆಲದಿಂದ ಹೊಸ್ತಿಲಿಗೆ ಸರಿಯಿತು. ಸೊಸೆ ಇಸ್ತ್ರಿಯನ್ನು ಆರಿಸಿ, ಗೋಡೆಗೊರಗಿ ಕೂತು, ತಾನು ಕಾಣದ ನಾದಿನಿಯನ್ನು ಕಾಣುತ್ತ ಹೋದಳು.

ಸಂಜೆ ಇಬ್ಬರೂ ಮನೆಗೆ ಹೊರಟಾಗ ಬೀದಿ ಹೊಂಬಣ್ಣದಲ್ಲಿ ತೇಲುತ್ತಿತ್ತು. ದೊಡ್ಡ ರಸ್ತೆಯ ಅಂಚಿನಲ್ಲಿ ಅತ್ತೆ ನಿಂತರು. ಎಷ್ಟೋ ದಿನದ ಮೇಲೆ ನೇರವಾಗಿ ಸೊಸೆಯ ಮುಖ ನೋಡಿದರು.

"ಅವಳಿಗೆ ರಸ್ತೆ ದಾಟೋಕೆ ಭಯ ಕಣೇ. ಅಷ್ಟು ದೊಡ್ಡವಳಾದ್ರೂ ನನ್ನ ಕೈ ಬಿಡ್ತಿರಲಿಲ್ಲ."

"ನನಗೂ ಭಯಾನೇ, ಅತ್ತೆ" ಎಂದಳು ಸೊಸೆ. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಅತ್ತೆ ಅವಳ ಕೈ ಹಿಡಿದರು. ವಾಹನಗಳೆಲ್ಲ ಹೋಗಿ ರಸ್ತೆ ಬರಿದಾದ ಮೇಲೂ ಒಂದು ಗಳಿಗೆ ಹಾಗೆಯೇ ನಿಂತಿದ್ದು, ಆಮೇಲೆ ದಾಟಿದರು.